ಸಂಕೋಚಕ್ಕೊಂದು ಶರೀರ: ‘ಬೊಚ್ಚಿ ದ ರಾಕ್!’ ಮಾಲಿಕೆಯ ವಿಮರ್ಶೆ

ಸಂಕೋಚವೆಂಬ ಶಬ್ದಕ್ಕೆ ಇಂದು ರೂಢಿಯಲ್ಲಿರುವ ಅರ್ಥ ಮನಸ್ಸಿಗೆ ಸಂಬಂಧಿಸಿದುದು. ಅದರ ಮೂಲಾರ್ಥವಾದರೋ ಶರೀರಕ್ಕೆ ಸಂಬಂಧಿಸಿದುದು. ಕುಗ್ಗುವುದು, ಮುದುಡುವುದು, ಇರುವ ಸ್ಥಳದಲ್ಲಿಯೇ ಕಿರಿದಾಗುವುದು - ಇದು ಸಂಕೋಚ. ನಾಚಿಕೆ ಬೇರೆ. ನಾಚಿಕೆಗೆ ಸಮಾಜದ ಮನ್ನಣೆಯುಂಟು. ಹೆಣ್ಣುಮಕ್ಕಳಲ್ಲಿ ಅದನ್ನು ಗುಣವೆಂದು ಹೊಗಳುವವರೂ ಉಂಟು. ಸಂಕೋಚಕ್ಕೆ ಈ ಸೌಭಾಗ್ಯವಿಲ್ಲ. ನಾಲ್ಕು ಜನರ ನಡುವೆ ಬಾಯಿ ಬಾರದ, ಕಣ್ಣೆತ್ತಲಾಗದ ವ್ಯಕ್ತಿಯನ್ನು ಲೋಕವು ಕನಿಕರದಿಂದ ನೋಡೀತು, ಇಲ್ಲವೆ ಗಮನಿಸದೆಯೇ ಮುಂದೆ ಹೋದೀತು. ಅಂಥ ವ್ಯಕ್ತಿಯನ್ನು ಕಥಾನಾಯಿಕೆಯಾಗಿ ಇಟ್ಟುಕೊಳ್ಳುವ ಕೃತಿಕಾರನಿಗೆ ಒಂದು ತೊಡಕು ಆರಂಭದಲ್ಲಿಯೇ ಎದುರಾಗುತ್ತದೆ. ಆಕೆ ಮಾತನಾಡುವುದಿಲ್ಲ, ಕ್ರಿಯೆಗೆ ಮುಂದಾಗುವುದಿಲ್ಲ, ಅವಳಲ್ಲಿ ನಡೆಯುವುದೆಲ್ಲವೂ ಒಳಗೇ ನಡೆಯುತ್ತದೆ. ಕಾದಂಬರಿಗೆ ಇದು ಅಷ್ಟು ಕಷ್ಟದ ವಿಷಯವಲ್ಲ. ಕಣ್ಣಿಗೆ ಕಾಣುವುದನ್ನೇ ನೆಚ್ಚಿದ ಚಿತ್ರಮಾಧ್ಯಮಕ್ಕೆ ಕಷ್ಟದ್ದು. ಜಪಾನಿನ ‘ಬೊಚ್ಚಿ ದ ರಾಕ್!’ ಎಂಬ ಅನಿಮೆ ಮಾಲಿಕೆ ಈ ತೊಡಕನ್ನು ಬಿಡಿಸಿಕೊಂಡ ರೀತಿ ವಿಚಾರಾರ್ಹವಾಗಿದೆ. ಅದು ಸಂಕೋಚವೆಂಬ ಪದದ ಮೂಲಾರ್ಥವನ್ನೇ ಅಕ್ಷರಶಃ ಹಿಡಿಯಿತು. ಮನಸ್ಸು ಕುಗ್ಗಿದಾಗಲೆಲ್ಲ ಶರೀರವನ್ನೂ ಕುಗ್ಗಿಸಿ ತೋರಿಸಿತು.

ಕೃತಿಯ ಸ್ಥೂಲ ಪರಿಚಯ ಇಷ್ಟು. ಹಮಾಜಿ ಅಕಿ ಅವರು ಹೋಬುನ್‌ಶಾ ಪ್ರಕಾಶನದ ‘ಮಂಗಾ ಟೈಮ್ ಕಿರಾರಾ ಮ್ಯಾಕ್ಸ್’ ಮಾಸಪತ್ರಿಕೆಯಲ್ಲಿ 2017ರ ಕೊನೆಯಿಂದ ಬರೆದುಕೊಂಡು ಬಂದ ಚಿತ್ರಕಥೆ ಇದರ ಮೂಲ. ನಾಲ್ಕು ಚೌಕಗಳಲ್ಲಿ ಒಂದು ನಗೆಯನ್ನು ಕಟ್ಟಿ ಮುಗಿಸುವ ‘ಯೊಂಕೊಮಾ’ ಎಂಬ ಪ್ರಕಾರಕ್ಕೆ ಅದು ಸೇರಿದೆ. ಕ್ಲೋವರ್‌ವರ್ಕ್ಸ್ ಸಂಸ್ಥೆಯು ಇದನ್ನು ಹನ್ನೆರಡು ಕಂತುಗಳ ಮಾಲಿಕೆಯಾಗಿ ನಿರ್ಮಿಸಿ, 2022ರ ಅಕ್ಟೋಬರದಿಂದ ಡಿಸೆಂಬರದವರೆಗೆ ಜಪಾನಿನ ದೂರದರ್ಶನದಲ್ಲಿ ಪ್ರಸಾರ ಮಾಡಿತು. ನಿರ್ದೇಶನ ಸೈತೋ ಕೇಯಿಚಿರೋ ಅವರದು. ಕಥಾಸಂಯೋಜನೆ ಯೋಶಿದಾ ಎರಿಕಾ ಅವರದು. 2024ರಲ್ಲಿ ಇದೇ ಸಾಮಗ್ರಿಯನ್ನು ಜೋಡಿಸಿ ಎರಡು ಚಲನಚಿತ್ರಗಳು ಹೊರಬಂದವು.

ಕಥಾನಾಯಿಕೆಯ ಹೆಸರು ಗೋತೋ ಹಿತೋರಿ. ‘ಹಿತೋರಿ’ ಎಂದರೆ ಜಪಾನೀ ಭಾಷೆಯಲ್ಲಿ ‘ಒಬ್ಬರು’, ‘ಒಂಟಿ’ ಎಂದರ್ಥ. ‘ಹಿತೋರಿಬೊಚ್ಚಿ’ ಎಂದರೆ ಯಾರೂ ಜೊತೆಗಿಲ್ಲದ ಒಬ್ಬಂಟಿ. ಗೆಳತಿಯರು ಅವಳಿಗೆ ಇಡುವ ‘ಬೊಚ್ಚಿ’ ಎಂಬ ಅಡ್ಡಹೆಸರು ಅದರ ಬಾಲವೇ ಆಗಿದೆ. ಅವಳ ಪುಟ್ಟ ತಂಗಿಯ ಹೆಸರು ‘ಫುತಾರಿ’, ಅರ್ಥಾತ್ ‘ಇಬ್ಬರು’. ಹೆಸರುಗಳಲ್ಲಿ ಇಷ್ಟು ಆಟವಾಡುವ ಕೃತಿಯಲ್ಲಿ ಗಾಯಕಿಯಾದ ಕಿತಾ ಇಕುಯೊ ಎಂಬವಳ ಹೆಸರನ್ನು ಬಿಡಿಸಿದರೆ ‘ಬಂದಾಯಿತು, ಹೋಗೋಣ’ ಎಂಬಂತಹ ಶ್ಲೇಷೆ ಹೊರಡುತ್ತದೆ. ಅವಳು ಗಿಟಾರು ಬಾರದೆಯೇ ಬರುತ್ತದೆಂದು ಸುಳ್ಳು ಹೇಳಿ ವಾದ್ಯವೃಂದವನ್ನು ಸೇರಿ, ಮೊದಲ ಕಚೇರಿಯ ಹೊತ್ತಿಗೆ ಓಡಿಹೋದವಳು ಎಂಬುದನ್ನು ನೆನೆದರೆ ಆ ಶ್ಲೇಷೆಗೆ ರುಚಿ ಬರುತ್ತದೆ. ವಾದ್ಯವೃಂದದ ಹೆಸರು ‘ಕೆಸ್ಸೊಕು ಬ್ಯಾಂಡ್’. ಕೆಸ್ಸೊಕು ಎಂದರೆ ಐಕ್ಯ. ಆದರೆ ‘ಕೆಸ್ಸೊಕು ಬ್ಯಾಂಡ್’ ಎಂದು ಕೂಡಿಸಿ ಹೇಳಿದರೆ ವಿದ್ಯುತ್ತಂತಿಗಳನ್ನು ಕಂತೆಗಟ್ಟುವ ಅಗ್ಗದ ಪ್ಲಾಸ್ಟಿಕ್ ಪಟ್ಟಿ. ಕನ್ನಡದ ‘ಒಗ್ಗಟ್ಟಿ’ನಲ್ಲಿಯೂ ಒಂದು ‘ಕಟ್ಟು’ ಅಡಗಿದೆಯಾದ್ದರಿಂದ ಕನ್ನಡಿಗನಿಗೆ ಈ ಹಾಸ್ಯವನ್ನು ವಿವರಿಸಬೇಕಾದ ಶ್ರಮ ಕಡಿಮೆ.

ಮೊದಲ ಕಂತು ಒಂದು ಶಿಶುವಿಹಾರದ ನೆನಪಿನೊಡನೆ ತೊಡಗುತ್ತದೆ. ಆಟಕ್ಕೆ ಕರೆಯುವ ಮಗು ಬೆರಳನ್ನು ಮೇಲೆತ್ತಿ ನಿಲ್ಲುವುದು, ಆಡಬಯಸುವವರು ಓಡಿಬಂದು ಆ ಬೆರಳನ್ನು ಹಿಡಿಯುವುದು ಜಪಾನೀ ಮಕ್ಕಳ ಪದ್ಧತಿ. ಆ ಕರೆ ತನಗೂ ಸೇರಿದ್ದೆ, ತಾನು ಹಿಡಿಯಬಹುದೆ, ಎಂದು ಹಿತೋರಿ ಯೋಚಿಸುತ್ತಾಳೆ. ಯೋಚಿಸುವಷ್ಟರಲ್ಲಿ ಆಟ ಆರಂಭವಾಗಿರುತ್ತದೆ. ಅವಳ ಜೀವನದ ಸಮಸ್ಯೆಯೆಲ್ಲವೂ ಈ ಒಂದು ಚಿತ್ರದಲ್ಲಿದೆ. ಅವಳನ್ನು ಯಾರೂ ಹೊರಗಟ್ಟಿದವರಿಲ್ಲ. ಒಳಗೆ ಕರೆದುದು ತನ್ನನ್ನೇ ಎಂಬ ನಂಬಿಕೆ ಅವಳಿಗೆ ಬಾರದು. ಮುಂದೆ ಒಬ್ಬ ವಾದಕ ತಾನೂ ಒಂಟಿಯಾಗಿದ್ದವನೆಂದು ದೂರದರ್ಶನದಲ್ಲಿ ಹೇಳಿದುದನ್ನು ಕೇಳಿ ತಂದೆಯ ಗಿಟಾರನ್ನು ಎತ್ತಿಕೊಳ್ಳುತ್ತಾಳೆ. ಗೂಡಿನಂಥ ಕಪಾಟಿನೊಳಗೆ ಕುಳಿತು ದಿನಕ್ಕೆ ಆರು ಗಂಟೆಯಂತೆ ಮೂರು ವರ್ಷ ಅಭ್ಯಾಸ ಮಾಡುತ್ತಾಳೆ. ಜೊತೆಗಾರರು ಸಿಗಲೆಂದು ಕಲಿತ ವಿದ್ಯೆ ಅವಳನ್ನು ಇನ್ನಷ್ಟು ಏಕಾಂತಕ್ಕೆ ದೂಡುವುದು ಕಥೆಯ ಮೊದಲ ವ್ಯಂಗ್ಯ. ‘ಗಿಟಾರ್‌ಹೀರೋ’ ಎಂಬ ಗುಪ್ತನಾಮದಿಂದ ಅಂತರ್ಜಾಲದಲ್ಲಿ ಹಾಕಿದ ಅವಳ ವಾದನಕ್ಕೆ ಅಭಿಮಾನಿಗಳು ಸಾವಿರಗಟ್ಟಲೆ; ಶಾಲೆಯಲ್ಲಿ ಮಾತನಾಡಿಸುವವರು ಒಬ್ಬರೂ ಇಲ್ಲ.

ನಿಜಿಕಾ ಎಂಬ ಮೃದಂಗಸ್ವಭಾವದ ಹುಡುಗಿ - ಅವಳು ಡ್ರಮ್ ಬಾರಿಸುವವಳು, ಎಲ್ಲರನ್ನೂ ಲಯದಲ್ಲಿಡುವುದು ಅವಳ ಜೀವನದ ಕೆಲಸವೂ ಹೌದು - ಉದ್ಯಾನದಲ್ಲಿ ಒಂಟಿಯಾಗಿ ಕುಳಿತ ಹಿತೋರಿಯನ್ನು ಕಂಡು ಅಂದಿನ ಕಚೇರಿಗೆ ಎಳೆದೊಯ್ಯುತ್ತಾಳೆ. ಅಲ್ಲಿ ಹಿತೋರಿ ರಂಗವನ್ನೇರುವುದು ಮಾವಿನ ಹಣ್ಣು ತುಂಬಿಸುವ ರಟ್ಟಿನ ಪೆಟ್ಟಿಗೆಯೊಳಗೆ ಅವಿತುಕೊಂಡು! ಸಭಿಕರಿಗೆ ಕಾಣುವುದು ಒಂದು ಪೆಟ್ಟಿಗೆ, ಕೇಳುವುದು ಅದರೊಳಗಿನ ಗಿಟಾರು. ಹಾಸ್ಯಚಿತ್ರವಾಗಿ ಇದು ಸೊಗಸಾಗಿದೆ. ಆದರೆ ಇನ್ನೊಂದು ಮಾತೂ ಇಲ್ಲಿದೆ; ಅಂತರ್ಜಾಲದಲ್ಲಿ ಅಷ್ಟು ಹೊಗಳಿಸಿಕೊಂಡ ಹುಡುಗಿ ಆ ದಿನ ಕೆಟ್ಟದಾಗಿ ನುಡಿಸುತ್ತಾಳೆ. ಮೊದಲ ಅಭ್ಯಾಸದಲ್ಲಿಯೇ ನಿಜಿಕಾಳಿಗೆ ಅದು ಕಿವಿಗೆ ಬೀಳುತ್ತದೆ. ಕಾರಣ ಭಯವೊಂದೇ ಅಲ್ಲ. ಹಿತೋರಿ ಇತರರೊಡನೆ ಎಂದೂ ನುಡಿಸಿದವಳಲ್ಲ. ಅವರ ಮುಖ ನೋಡಳು. ತನ್ನ ವೇಗದಲ್ಲಿ ತಾನು ಮುಂದೆ ಓಡುತ್ತಾಳೆ. ಪಕ್ಕವಾದ್ಯದ ಧರ್ಮವನ್ನು ಬಲ್ಲ ಶ್ರೋತೃವಿಗೆ ಇದು ಹೊಸ ಸಂಗತಿಯಲ್ಲ. ಕೊಠಡಿಯ ಪಾಂಡಿತ್ಯ ಒಂದು, ಕೇಳುತ್ತ ನುಡಿಸುವ ವಿದ್ಯೆ ಇನ್ನೊಂದು. ಪ್ರತಿಭಾವಂತೆಯನ್ನು ಲೋಕ ಗುರುತಿಸಲಿಲ್ಲ ಎಂಬ ಸುಲಭದ ಕಥೆಯನ್ನು ಕೃತಿ ಹೇಳುವುದಿಲ್ಲ. ಅವಳ ಪ್ರತಿಭೆಯಲ್ಲಿಯೇ ಒಂದು ಕೊರತೆಯಿದೆ, ಆ ಕೊರತೆ ಒಂಟಿತನದಿಂದ ಹುಟ್ಟಿದ್ದು ಎನ್ನುತ್ತದೆ. ಇದೇ ಇದರ ಪ್ರಾಮಾಣಿಕತೆ.

ಇನ್ನು ಹಾಸ್ಯದ ವಿಚಾರ. ಈ ಮಾಲಿಕೆಯ ಮೇಲೆ ಹೊರಿಸಬಹುದಾದ ಗಂಭೀರ ಆಕ್ಷೇಪವೊಂದಿದೆ: ಜನರ ಭಯದಿಂದ ನಿಜವಾಗಿ ನರಳುವ ಹುಡುಗಿಯ ಯಾತನೆಯನ್ನು ಇದು ನಗೆಗೀಡು ಮಾಡುತ್ತದೆ. ಹಿತೋರಿಯ ಮುಖ ಕರಗಿ ಹರಿಯುತ್ತದೆ. ದೇಹ ಧೂಳಾಗಿ ಚದುರುತ್ತದೆ. ಕಣ್ಣು ಮೂಗು ಸ್ಥಾನ ತಪ್ಪುತ್ತವೆ. ಅವಳು ಕಸದ ಡಬ್ಬಿಯಲ್ಲಿ ಮುದುಡಿ ಕುಳಿತುಕೊಳ್ಳುತ್ತಾಳೆ. ಚಿತ್ರಕಾರರು ಅಷ್ಟಕ್ಕೂ ತೃಪ್ತರಾಗದೆ ರೇಖಾಚಿತ್ರದ ನಿಯಮವನ್ನೇ ಮುರಿದು, ನಿಜವಾದ ಛಾಯಾಚಿತ್ರಗಳನ್ನೂ ಗೊಂಬೆಗಳನ್ನೂ ನಡುನಡುವೆ ತಂದಿರಿಸುತ್ತಾರೆ. ಈ ಚೇಷ್ಟೆಗಳಿಗಾಗಿಯೇ ಮಾಲಿಕೆಯನ್ನು ಮೆಚ್ಚಿದವರು ಅನೇಕರು. ನಗೆ ಬರುತ್ತದೆ, ನಿಜ. ಯಾರ ನಗೆ, ಯಾರ ಮೇಲೆ?

ಭರತನು ಹಾಸ್ಯರಸಕ್ಕೆ ವಿಕೃತವಾದ ಆಕಾರವೇಷಾದಿಗಳನ್ನು ವಿಭಾವಗಳೆಂದು ಹೇಳಿ, ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ಎರಡಾಗಿ ವಿಂಗಡಿಸಿದ್ದಾನೆ. ಈ ವಿಂಗಡಣೆ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಹಿತೋರಿಯ ವಿಕೃತಿಗಳಲ್ಲಿ ಹೆಚ್ಚಿನವು ಹೊರಗಿನವರ ಕಣ್ಣಿಗೆ ಅವಳು ಹೇಗೆ ಕಂಡಳೆಂಬುದನ್ನು ಹೇಳುವುದಿಲ್ಲ. ತನ್ನ ಕಣ್ಣಿಗೆ ತಾನು ಹೇಗೆ ಕಂಡಳೆಂಬುದನ್ನು ಹೇಳುತ್ತವೆ. ಯಾರೋ ಒಬ್ಬಳು ಸೌಜನ್ಯದಿಂದ ಕೇಳಿದ ಪ್ರಶ್ನೆಗೆ ಅವಳ ಮನಸ್ಸು ಕ್ಷಣಾರ್ಧದಲ್ಲಿ ಹತ್ತು ವರ್ಷಗಳ ದುರ್ದಶೆಯನ್ನು ಹೆಣೆದುಬಿಡುತ್ತದೆ. ಪರದೆಯ ಮೇಲೆ ಕಾಣುವುದು ಆ ಹೆಣಿಗೆ. ಆದುದರಿಂದ ಪ್ರೇಕ್ಷಕನು ಹೊರಗೆ ನಿಂತು ನಗುವವನಲ್ಲ. ಅವಳ ತಲೆಯೊಳಗೆ ಕುಳಿತು, ಅವಳದೇ ಉತ್ಪ್ರೇಕ್ಷೆಗೆ ನಗುವವನು. ಸಂಕೋಚ ಸ್ವಭಾವದ ಪ್ರೇಕ್ಷಕರು ಈ ಕೃತಿಯಿಂದ ನೋಯದೆ ಇದನ್ನು ತಮ್ಮದೆಂದು ಅಪ್ಪಿಕೊಂಡುದಕ್ಕೆ ಇದೇ ಕಾರಣವಿರಬೇಕು.

ಆದರೆ ಎಲ್ಲೆಡೆಯೂ ಈ ನಿಯಮ ಪಾಲಿತವಾಗಿಲ್ಲ. ಕುಸಿದುಬಿದ್ದ ಹಿತೋರಿಯನ್ನು ಗೆಳತಿಯರು ಮಾಮೂಲೆಂಬಂತೆ ನೋಡಿ ಮುಂದುವರಿಯುವ ದೃಶ್ಯಗಳು ಉತ್ತರಾರ್ಧದಲ್ಲಿ ಮರುಕಳಿಸುತ್ತವೆ. ಅಲ್ಲಿ ನಗೆ ಆತ್ಮಸ್ಥವಾಗಿ ಉಳಿಯದೆ ಪರಸ್ಥವಾಗುತ್ತದೆ, ಮತ್ತು ಅಗ್ಗವಾಗುತ್ತದೆ. ಬೇಸಿಗೆ ರಜೆಯ ಕೊನೆಯಲ್ಲಿ ಎಲ್ಲರೂ ಎನೋಶಿಮಾ ದ್ವೀಪಕ್ಕೆ ವಿಹಾರ ಹೋಗುವ ಒಂಬತ್ತನೆಯ ಕಂತು ಕಥೆಯನ್ನು ಒಂದಂಗುಲವೂ ಮುಂದಕ್ಕೆ ಒಯ್ಯುವುದಿಲ್ಲ. ನಾಲ್ಕು ಚೌಕದ ನಗೆಗೆ ಇಪ್ಪತ್ತನಾಲ್ಕು ನಿಮಿಷದ ಅಂಗಿ ತೊಡಿಸಿದರೆ ಅಲ್ಲಲ್ಲಿ ಜೋಲುವುದು ಅನಿವಾರ್ಯವೇನೋ.

ವಿಕೃತಿ ಎಲ್ಲಿದೆ ಎಂಬುದಕ್ಕಿಂತ ಎಲ್ಲಿ ಇಲ್ಲ ಎಂಬುದು ಮುಖ್ಯ. ಸಂಗೀತ ನಡೆಯುತ್ತಿರುವಷ್ಟು ಹೊತ್ತು ಈ ಚೇಷ್ಟೆಗಳು ಸುಳಿಯುವುದಿಲ್ಲ. ಐದನೆಯ ಕಂತಿನ ಪರೀಕ್ಷಾವಾದನ, ಎಂಟನೆಯದರ ಮೊದಲ ಕಚೇರಿ, ಹನ್ನೆರಡನೆಯದರ ಶಾಲೋತ್ಸವ - ಈ ಮೂರರಲ್ಲಿಯೂ ಬೆರಳುಗಳು ಬೆರಳುಗಳಾಗಿ, ತಂತಿಗಳು ತಂತಿಗಳಾಗಿ ಕಾಣುತ್ತವೆ. ನಿಜವಾದ ವಾದಕರ ಚಲನೆಯನ್ನು ಆಧಾರವಾಗಿಟ್ಟುಕೊಂಡು ಈ ದೃಶ್ಯಗಳನ್ನು ಬರೆಯಲಾಗಿದೆ. ಹಿತೋರಿ ತಲೆ ತಗ್ಗಿಸಿಯೇ ಇರುತ್ತಾಳೆ, ಮುಖವನ್ನು ಕೂದಲು ಮುಚ್ಚಿರುತ್ತದೆ; ಆದರೆ ಅವಳ ಶರೀರ ಅವಳದಾಗಿರುತ್ತದೆ, ಅದರ ಅಳತೆ ಸರಿಯಾಗಿರುತ್ತದೆ. ಕುಗ್ಗುವ ಶರೀರವನ್ನು ಅಷ್ಟು ಬಾರಿ ತೋರಿಸಿದುದು ಈ ಕುಗ್ಗದ ಶರೀರವನ್ನು ತೋರಿಸುವುದಕ್ಕಾಗಿ ಎಂದು ಆಗ ತಿಳಿಯುತ್ತದೆ.

ಪರೀಕ್ಷಾವಾದನ ಮುಗಿದ ಮೇಲೆ ವಾದನಗೃಹದ ಒಡತಿ ಸೇಯಿಕಾ ಕೊಡುವ ತೀರ್ಪು ವಿಮರ್ಶಕರಿಗೂ ಮಾದರಿಯಾಗುವಂತಿದೆ. ಡ್ರಮ್ಮಿನವಳು ಬಿಗಿದುಕೊಂಡಿದ್ದಾಳೆ, ಗಿಟಾರಿನವರಿಬ್ಬರೂ ನೆಲವನ್ನು ನೋಡುತ್ತಾರೆ, ಬಾಸ್ ಗಿಟಾರಿನವಳು ತನ್ನದೇ ಲೋಕದಲ್ಲಿದ್ದಾಳೆ - ಹೀಗೆ ಒಬ್ಬೊಬ್ಬರ ದೋಷವನ್ನು ಒಂದೊಂದು ಮಾತಿನಲ್ಲಿ ಹೇಳಿ, ಅವರನ್ನು ಅಂಗೀಕರಿಸುತ್ತಾಳೆ. ದೋಷ ತೀರಿದ ಮೇಲೆ ಅಂಗೀಕಾರ ಎಂಬ ಷರತ್ತು ಅಲ್ಲಿಲ್ಲ.

ಈ ಒಡತಿಯ ‘ಸ್ಟಾರಿ’ ಎಂಬ ವಾದನಗೃಹ ಇರುವುದು ಟೋಕಿಯೋದ ಶಿಮೊಕಿತಾಜಾವಾದಲ್ಲಿ. ಸೆತಾಗಾಯಾ ವಿಭಾಗದ ಈ ಬಡಾವಣೆ ಸಣ್ಣ ನಾಟಕಶಾಲೆಗಳಿಗೆ, ಹಳೆಯ ಬಟ್ಟೆಗಳ ಅಂಗಡಿಗಳಿಗೆ, ನೆಲಮಾಳಿಗೆಯ ವಾದನಗೃಹಗಳಿಗೆ ಹೆಸರಾದುದು. ಅಲ್ಲಿ ನಿಜವಾಗಿಯೂ ಇರುವ ‘ಶೆಲ್ಟರ್’ ಎಂಬ ಗೃಹವೇ ಸ್ಟಾರಿಗೆ ಮಾದರಿ. ಹಿತೋರಿಯ ಮನೆ ದಕ್ಷಿಣಕ್ಕೆ, ಯೊಕೊಹಾಮಾದ ಕನಜಾವಾ-ಹಕ್ಕೇಯಿಯಲ್ಲಿ. ತನ್ನ ಹಿಂದಿನ ದಿನಗಳನ್ನು ಬಲ್ಲವರು ಯಾರೂ ಇರಬಾರದೆಂದು ಎರಡು ಗಂಟೆಗಳ ರೈಲು ಪ್ರಯಾಣದ ದೂರದಲ್ಲಿ ಶಾಲೆಯನ್ನು ಆರಿಸಿಕೊಂಡವಳು ಅವಳು. ಅಪರಿಚಿತರ ನಡುವೆ ಹೊಸಬಳಾಗಬಹುದೆಂದು ದೂರದ ನಗರಕ್ಕೆ ಹೋದವಳಿಗೆ ಹಳೆಯ ಸ್ವಭಾವವೂ ಅದೇ ರೈಲಿನಲ್ಲಿ ಜೊತೆಗೆ ಬಂದುದು ತಿಳಿಯಲು ಬಹಳ ದಿನ ಹಿಡಿಯುವುದಿಲ್ಲ. ಇದರ ಸ್ವಾರಸ್ಯವನ್ನು ಊರು ಬಿಟ್ಟವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ವಾದನಗೃಹದ ಅರ್ಥಶಾಸ್ತ್ರವನ್ನು ಮಾಲಿಕೆ ಮರೆಮಾಚದಿರುವುದು ಮೆಚ್ಚತಕ್ಕ ಸಂಗತಿ. ಹೆಸರಿಲ್ಲದ ವೃಂದಗಳು ಇಲ್ಲಿ ಹಣ ಪಡೆದು ನುಡಿಸುವುದಿಲ್ಲ. ಹಣ ತೆತ್ತು ನುಡಿಸುತ್ತವೆ. ‘ನೊರುಮಾ’ ಎಂಬ ಪದ್ಧತಿಯಂತೆ ಇಂತಿಷ್ಟು ಟಿಕೆಟುಗಳನ್ನು ವೃಂದದವರೇ ಮಾರಬೇಕು. ಮಾರದೆ ಉಳಿದವುಗಳ ಬೆಲೆಯನ್ನು ಕೈಯಿಂದ ಕಟ್ಟಬೇಕು. ಅದಕ್ಕಾಗಿಯೇ ಈ ಹುಡುಗಿಯರು ಅದೇ ಗೃಹದಲ್ಲಿ ಪಾನೀಯ ಸುರಿದು ಕೊಡುವ, ನೆಲ ಗುಡಿಸುವ ಕೂಲಿಗೆ ನಿಲ್ಲುತ್ತಾರೆ. ಕ್ಯೋಟೋ ಅನಿಮೇಶನ್ ಸಂಸ್ಥೆ 2009ರಲ್ಲಿ ಹೊರತಂದ ‘ಕೆ-ಆನ್!’ ಎಂಬ ಪ್ರಸಿದ್ಧ ಮಾಲಿಕೆಯೂ ಇದೇ ಪ್ರಕಾಶನದ ನಾಲ್ಕು ಚೌಕದ ಚಿತ್ರಕಥೆಯಿಂದ ಹುಟ್ಟಿ, ಇದೇ ವಯಸ್ಸಿನ ಹುಡುಗಿಯರ ವಾದ್ಯವೃಂದವನ್ನೇ ಕುರಿತದ್ದು. ಅಲ್ಲಿ ಶಾಲೆಯ ಸಂಗೀತ ಕೊಠಡಿ, ಚಹ, ಸಿಹಿತಿಂಡಿ, ಮುಗಿಯದ ಮಧ್ಯಾಹ್ನಗಳು. ಅದರ ಮಾಧುರ್ಯ ನಿರಾಕರಿಸತಕ್ಕದ್ದಲ್ಲ. ಆದರೆ ಆ ಕೊಠಡಿಯಲ್ಲಿ ಕೇಳುಗನು ಅಪರಿಚಿತನಾಗಿರುವುದು ವಿರಳ. ಹಿತೋರಿಯ ಕೇಳುಗರು ದುಡ್ಡು ಕೊಟ್ಟು ಬಂದವರು; ಬೇಸರ ಬಂದರೆ ಕೈಗಡಿಯಾರ ನೋಡುವ ಹಕ್ಕುಳ್ಳವರು.

ಟಿಕೆಟು ಮಾರಲಾರದೆ ಊರಿನ ಬೀದಿಯಲ್ಲಿ ಕುಳಿತ ಹಿತೋರಿಗೆ ಕಿಕುರಿ ಎಂಬ ಬಾಸ್ ವಾದಕಿ ಎದುರಾಗುವ ಆರನೆಯ ಕಂತು ಇಡೀ ಮಾಲಿಕೆಯ ಕೀಲು. ಕಿಕುರಿ ಸದಾ ಮದ್ಯಪಾನದಲ್ಲಿ ಮುಳುಗಿದವಳು, ಸಾಲಗಾರ್ತಿ, ರಂಗದ ಮೇಲೆ ಅಸಾಧಾರಣಳು. ಅವಳು ಹಿತೋರಿಯನ್ನು ಬೀದಿಯಲ್ಲಿಯೇ ನುಡಿಸುವಂತೆ ಮಾಡುತ್ತಾಳೆ. ನುಡಿಸುವವಳ ಕಣ್ಣು ಮುಚ್ಚಿದೆ. ಎದುರಿಗೆ ನಿಂತವರು ಶತ್ರುಗಳಲ್ಲ, ಹೋರಾಡಬೇಕಾದ ಶತ್ರುವನ್ನು ತಪ್ಪಾಗಿ ಗುರುತಿಸಬೇಡ ಎಂಬರ್ಥದ ಮಾತನ್ನು ಕಿಕುರಿ ಹೇಳಿದ ಮೇಲೆ ಹಿತೋರಿ ಕಣ್ಣು ತೆರೆಯುತ್ತಾಳೆ - ಎರಡನ್ನೂ ಅಲ್ಲ, ಒಂದನ್ನು, ಅದೂ ಅರ್ಧ. ಆ ಅರ್ಧ ಕಣ್ಣಿಗೆ ಕಂಡವರು ಇಬ್ಬರು ತರುಣಿಯರು. ಅವರು ಅವಳ ಮೊದಲ ಅಭಿಮಾನಿಗಳಾಗುತ್ತಾರೆ. ಸಾವಿರಾರು ಅದೃಶ್ಯ ಅಭಿಮಾನಿಗಳಿಗಿಂತ ಈ ಇಬ್ಬರು ಅವಳಿಗೆ ಹೇಗೆ ಭಾರವಾದರೆಂಬುದನ್ನು ಒಂದು ಅರೆದೃಷ್ಟಿಯಲ್ಲಿ ಹೇಳಿದ ನಿರ್ದೇಶಕನ ಸಂಯಮ ದೊಡ್ಡದು.

ಕಿಕುರಿಯ ವಿಷಯದಲ್ಲಿ ಮಾತ್ರ ಕೃತಿ ಎದೆಗಾರಿಕೆಯನ್ನು ತೋರಲಿಲ್ಲ. ತಾನೂ ಒಂದು ಕಾಲಕ್ಕೆ ಹಿತೋರಿಯಂತೆಯೇ ಮೂಲೆ ಹಿಡಿದಿದ್ದ ಹುಡುಗಿ, ಸಭಾಕಂಪವನ್ನು ಅಡಗಿಸಲು ಕುಡಿಯತೊಡಗಿದೆ ಎಂದು ಅವಳು ಮುಂದೆ ತಿಳಿಸುತ್ತಾಳೆ. ಹಿತೋರಿಯ ಎದುರು ಹಿಡಿದ ಕನ್ನಡಿ ಇದು. ಸಂಕೋಚವನ್ನು ಗೆದ್ದವಳೆಂದು ತೋರುವವಳು ಅದನ್ನು ಮದ್ಯದಲ್ಲಿ ಮುಳುಗಿಸಿದವಳು ಮಾತ್ರ ಎಂಬ ಸತ್ಯದಲ್ಲಿ ಕರುಣರಸಕ್ಕೆ ಎಷ್ಟು ಎಡೆಯಿತ್ತು! ಮಾಲಿಕೆ ಅದನ್ನು ಮುಟ್ಟಿ, ನಕ್ಕು, ದಾಟಿಬಿಡುತ್ತದೆ. ಕುಡುಕಿಯ ತೊದಲು ಮಾತಿಗೆ ನಗಿಸುವುದು ಹಳೆಯ ಪ್ರಹಸನಗಳಿಂದ ಬಂದ ಸುಲಭೋಪಾಯ. ಇಷ್ಟು ಬುದ್ಧಿಯುಳ್ಳ ಕೃತಿಗೆ ಅದು ಬೇಕಾಗಿರಲಿಲ್ಲ.

ಎಂಟನೆಯ ಕಂತಿನ ಕಚೇರಿಯ ದಿನ ಚಂಡಮಾರುತ. ಬರುತ್ತೇವೆಂದವರು ಬರಲಿಲ್ಲ. ಬಂದ ಕೆಲವರು ಬೇರೆ ವೃಂದಗಳಿಗಾಗಿ ಬಂದವರು. ಅವರಲ್ಲೊಬ್ಬರು ಈ ಹುಡುಗಿಯರ ಹೆಸರನ್ನೂ ಕೇಳಿದವರಲ್ಲ. ಮೊದಲ ಹಾಡು ಕುಂಟುತ್ತದೆ. ಎರಡನೆಯ ಹಾಡಿಗೆ ಮೊದಲು ಎಲ್ಲರ ಮುಖ ಬಾಡಿದ ಮೌನದಲ್ಲಿ ಹಿತೋರಿ, ಯಾರೂ ಕೇಳದೆಯೇ, ಒಬ್ಬಳೇ ಗಿಟಾರು ನುಡಿಸತೊಡಗುತ್ತಾಳೆ. ಅದುವರೆಗೆ ಒಂಟಿಯಾಗಿ ನುಡಿಸುವುದು ಅವಳ ಅಡಗುದಾಣವಾಗಿತ್ತು. ಈಗ ಅದೇ ಒಂಟಿ ವಾದನ ಇತರ ಮೂವರನ್ನು ಎತ್ತಿಹಿಡಿಯಲು ಬಂದಿದೆ. ಕಪಾಟಿನೊಳಗಿನ ಮೂರು ವರ್ಷ ವ್ಯರ್ಥವಲ್ಲವೆಂದು ಒಂದು ಮಾತೂ ಇಲ್ಲದೆ ಸಿದ್ಧವಾಗುತ್ತದೆ. ‘ಗಿಟಾರ್‌ಹೀರೋ’ ಯಾರೆಂಬುದನ್ನು ಆ ವಾದನದಿಂದಲೇ ನಿಜಿಕಾ ಗುರುತಿಸುತ್ತಾಳೆ. ಆ ರಾತ್ರಿ ಅವಳು ತನ್ನ ನಿಜವಾದ ಹಂಬಲವನ್ನು ಹಿತೋರಿಗೆ ಹೇಳುತ್ತಾಳೆ: ತಾಯಿಯಿಲ್ಲದ ತನಗಾಗಿ ಅಕ್ಕ ತನ್ನ ವೃಂದವನ್ನೇ ಬಿಟ್ಟು ಕಟ್ಟಿದ ಈ ಗೃಹಕ್ಕೆ ಹೆಸರು ತರಬೇಕು. ಹಿತೋರಿ ಗುಟ್ಟನ್ನು ಇಟ್ಟುಕೊಳ್ಳುವಂತೆ ಕೇಳುತ್ತಾಳೆ, ಗುಟ್ಟು ಉಳಿಯುತ್ತದೆ. ಇಲ್ಲಿಗೆ ಕಥೆ ನಿಂತಿದ್ದರೂ ಕೊರತೆಯಾಗುತ್ತಿರಲಿಲ್ಲ.

ಹಾಡುಗಳ ಸಾಹಿತ್ಯವನ್ನು ಬರೆಯುವವಳೂ ಕಥೆಯಲ್ಲಿ ಹಿತೋರಿಯೇ. ನಾಲ್ಕನೆಯ ಕಂತಿನಲ್ಲಿ ಅವಳು ತನ್ನ ಸ್ವಭಾವಕ್ಕೆ ಒಗ್ಗದ ಉತ್ಸಾಹದ ಪದಗಳನ್ನು ಹೊಂದಿಸಲು ಹೆಣಗುತ್ತಿರುವಾಗ, ಬಾಸ್ ವಾದಕಿ ರ್‍ಯೋ ಅದನ್ನು ತಡೆಯುತ್ತಾಳೆ. ಜನಪ್ರಿಯತೆಗಾಗಿ ತನ್ನತನವನ್ನು ಬಿಟ್ಟುಕೊಟ್ಟ ಹಿಂದಿನ ವೃಂದದಿಂದ ಹೊರಬಂದವಳು ಅವಳು. ತನ್ನತನವಿಲ್ಲದ ಹಾಡು ಸತ್ತ ಹಾಡೆಂಬುದು ಅವಳ ನಿಲುವು. ಹಾಗಾಗಿ ಹಿತೋರಿಯ ಕತ್ತಲೆ ಕತ್ತಲೆಯಾಗಿಯೇ ಸಾಹಿತ್ಯಕ್ಕೆ ಬರುತ್ತದೆ, ಅದನ್ನು ಹಾಡುವವಳು ಎಲ್ಲರಿಗೂ ಪ್ರಿಯಳಾದ ಕಿತಾ. ಒಬ್ಬಳ ಏಕಾಂತವನ್ನು ಇನ್ನೊಬ್ಬಳ ಬೆಳಕಿನ ಕಂಠ ಹೊರುವ ಈ ಏರ್ಪಾಡು ಇಡೀ ಕಥೆಯ ಸೂಕ್ಷ್ಮವಾದ ಕಲ್ಪನೆಗಳಲ್ಲೊಂದು. ವಾಸ್ತವದಲ್ಲಿ ಪ್ರಮುಖ ಹಾಡುಗಳಲ್ಲಿ ಕೆಲವುಗಳ ಸಾಹಿತ್ಯ ಹಿಗುಚಿ ಐ ಅವರದು. ಕಿತಾಳ ಕಂಠ ಹಸೆಗಾವಾ ಇಕುಮಿ ಅವರದು. 2022ರ ಡಿಸೆಂಬರಿನಲ್ಲಿ ವೃಂದದ ಹೆಸರಿನಲ್ಲಿಯೇ ಹೊರಬಂದ ಹಾಡುಗಳ ಸಂಪುಟವು ಜಪಾನಿನಲ್ಲಿ ಮಾರಾಟದ ಅಗ್ರಸ್ಥಾನಕ್ಕೇರಿತು. ಇಲ್ಲದ ವೃಂದ ಇರುವ ವೃಂದಗಳನ್ನು ಹಿಂದಕ್ಕೆ ಹಾಕಿತು!

ಈ ಸಂಗೀತದ ಹಿಂದೆ ಒಂದು ಪರಂಪರೆಯ ಋಣವಿದೆ, ಅದನ್ನು ಕೃತಿ ಮುಚ್ಚಿಟ್ಟಿಲ್ಲ. ಗೋತೋ, ಕಿತಾ, ಯಮದಾ, ಇಜಿಚಿ - ನಾಲ್ವರ ಮನೆತನದ ಹೆಸರುಗಳೂ ‘ಏಷ್ಯನ್ ಕುಂಗ್-ಫೂ ಜನರೇಶನ್’ ಎಂಬ ವೃಂದದ ನಾಲ್ವರು ಸದಸ್ಯರವು. 1996ರಲ್ಲಿ ಯೊಕೊಹಾಮಾದ ಕಾಂತೋ ಗಾಕುಯಿನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಟ್ಟಿದ ವೃಂದ ಅದು. ಕಂತುಗಳ ಶೀರ್ಷಿಕೆಗಳಲ್ಲಿ ಬಹುಪಾಲು ಆ ವೃಂದದ ಹಾಡುಗಳ ಹೆಸರುಗಳೇ. ಉರುಳುವ ಬಂಡೆಯನ್ನೂ ಒಬ್ಬರ ಮೇಲೆ ಸುರಿಯುವ ಬೆಳಗನ್ನೂ ಹೆಸರಿನಲ್ಲಿಟ್ಟುಕೊಂಡ ಅವರ ಒಂದು ಹಾಡಿದೆ. ಮೊದಲ ಕಂತಿನ ಶೀರ್ಷಿಕೆ ಅದರ ಪೂರ್ವಾರ್ಧದಿಂದ ಬಂದಿದೆ, ‘ಬಂಡೆ’ಯ ಸ್ಥಾನದಲ್ಲಿ ‘ಬೊಚ್ಚಿ’ ಬಂದು ಕುಳಿತಿದ್ದಾಳೆ; ಕೊನೆಯ ಕಂತಿನ ಶೀರ್ಷಿಕೆ ಅದರ ಉತ್ತರಾರ್ಧ. ಹನ್ನೆರಡು ಕಂತುಗಳೂ ಒಂದೇ ಹಾಡಿನ ಹೆಸರಿನ ಎರಡು ತುಂಡುಗಳ ನಡುವೆ ಹಾಸಿಕೊಂಡಿವೆ. ಕೊನೆಯಲ್ಲಿ ಆ ಹಾಡನ್ನೇ ಹಿತೋರಿಯ ಪಾತ್ರಕ್ಕೆ ಧ್ವನಿಯಾದ ಅಓಯಾಮಾ ಯೋಶಿನೊ ಅವರು ಹಾಡುತ್ತಾರೆ. ಹನ್ನೆರಡು ವಾರ ತೊದಲಿದ ಕಂಠ ಆಗ ನೆಟ್ಟಗೆ ನಿಂತು ಹಾಡುವುದನ್ನು ಪ್ರೇಕ್ಷಕ ಕೇಳುತ್ತಾನೆ. ಕಥೆಯೊಳಗಿನ ಯಾರಿಗೂ ಅದು ಕೇಳಿಸುವುದಿಲ್ಲ.

ಶಾಲೋತ್ಸವದ ವಾದನದಲ್ಲಿ ಹಿತೋರಿಯ ಗಿಟಾರಿನ ತಂತಿ ಹರಿಯುತ್ತದೆ, ಇನ್ನೊಂದರ ಶ್ರುತಿ ನಿಲ್ಲುವುದಿಲ್ಲ. ಅವಳ ಏಕವಾದನದ ಸರದಿ ಸಮೀಪಿಸುತ್ತಿದೆ. ಆಗ ಮೊದಲ ಕಚೇರಿಗೆ ಬೆನ್ನು ತೋರಿಸಿದ್ದ ಆ ಕಿತಾ, ಗಿಟಾರು ಬಾರದೆ ಸುಳ್ಳು ಹೇಳಿದ್ದವಳು, ಮುಂದೆ ಬಂದು ಆ ತೆರಪನ್ನು ತನ್ನ ವಾದನದಿಂದ ತುಂಬುತ್ತಾಳೆ. ಹಿತೋರಿ ನೆಲದ ಮೇಲೆ ಬಿದ್ದಿದ್ದ ಮದ್ಯದ ಗಾಜಿನ ಲೋಟವನ್ನೆತ್ತಿ ತಂತಿಯ ಮೇಲೆ ಜಾರಿಸಿ ನುಡಿಸುತ್ತಾಳೆ. ಲೋಟ ಕಿಕುರಿಯದು, ತಾಳ ನಿಜಿಕಾಳದು, ತೆರಪು ಕಿತಾಳದು. ಮೊದಲ ಕಂತಿನಲ್ಲಿ ಯಾರನ್ನೂ ಕೇಳಿಸಿಕೊಳ್ಳದೆ ಓಡಿದ್ದ ಗಿಟಾರು ಇಲ್ಲಿ ಎಲ್ಲರ ಕೈಯಿಂದ ನುಡಿಯುತ್ತದೆ. ಇಷ್ಟು ಗೆದ್ದವಳು ಮುಂದೇನು ಮಾಡಬೇಕೆಂದು ತೋಚದೆ ಸಭಿಕರ ಮೇಲೆ ಹಾರುತ್ತಾಳೆ. ಸಭಿಕರು ಸರಿದು ನಿಲ್ಲುತ್ತಾರೆ. ಅವಳು ನೆಲಕ್ಕೆ ಬೀಳುತ್ತಾಳೆ. ಚೇಷ್ಟೆ ಮರಳಿ ಬಂತು. ಸಂಕೋಚ ವಾಸಿಯಾಗಲಿಲ್ಲ.

ವಾಸಿ ಮಾಡದಿರುವುದರಲ್ಲಿಯೇ ಈ ಕೃತಿಯ ವಿವೇಕವಿದೆ. ಹಿತೋರಿಯನ್ನು ವಾಚಾಳಿಯನ್ನಾಗಿ ಮಾಡಿ ಕಥೆ ಮುಗಿಸಿದ್ದರೆ ಮಾಲಿಕೆಯನ್ನು ನೋಡುತ್ತಿದ್ದ ಸಂಕೋಚಿಗಳಿಗೆಲ್ಲ ಅದು ಒಂದು ಗದರಿಕೆಯಾಗುತ್ತಿತ್ತು. ಉತ್ಸವ ಮುಗಿದು, ತಂದೆಯ ಗಿಟಾರಿಗೆ ಬದಲಾಗಿ ಯಮಾಹಾ ಗಿಟಾರೊಂದನ್ನು ಕೊಂಡು ತಂದ ಮೇಲೆ, ಅವಳು ಬೆಳಗ್ಗೆ ಮನೆಯಿಂದ ಹೊರಡುತ್ತಾಳೆ. ಆಕಾಶ ನಿರ್ಮಲವಾಗಿದೆ. ಬೆನ್ನ ಮೇಲೆ ವಾದ್ಯವಿದೆ. ಈ ದಿನವೂ ಕೂಲಿಗೆ ಹೋಗಬೇಕಲ್ಲ ಎಂದು ಗೊಣಗಿಕೊಂಡು, ಎಂದಿನಂತೆ ತಲೆ ತಗ್ಗಿಸಿ, ರೈಲಿನ ಕಡೆಗೆ ನಡೆಯುತ್ತಾಳೆ.